ಪೊರಕೆ ಹಿಡಿದ ಅಕ್ಕ, ಬೊಗಳುವ ನಾಯಿ: ಒಬ್ಬರನ್ನು ಕಂಡರೆ ಮಾತ್ರ ಇರುವ ಹೆದರಿಕೆ ಬಿಡಿಸುವ ಬಗೆ

ಬೆಳಿಗ್ಗೆ ಎಂಟಕ್ಕೆ ಗೇಟಿನ ಚಿಲಕ ಸದ್ದಾಗುತ್ತದೆ. ಬೆಲ್ ಒತ್ತುವ ಮೊದಲೇ ನಾಯಿ ಬಾಗಿಲಿಗೆ ಹಾರಿ ಬೊಗಳತೊಡಗುತ್ತದೆ. ಪಕ್ಕದ ಮನೆಯವರಿಗೆ ಬಾಲ ಅಲ್ಲಾಡಿಸುವ, ಪೇಪರ್ ಹಾಕುವ ಹುಡುಗನಿಗೆ ತಲೆಯನ್ನೂ ಎತ್ತದ ನಾಯಿ, ದಿನಾ ಮನೆಗೆಲಸಕ್ಕೆ ಬರುವ ಅಕ್ಕನನ್ನು ಕಂಡರೆ ಮಾತ್ರ ಬೆನ್ನಿನ ಕೂದಲು ನಿಮಿರಿಸಿ ನಿಲ್ಲುತ್ತದೆ. ವರ್ಷದಿಂದ ನೋಡುತ್ತಿದೆ, ಇನ್ನೂ ರೂಢಿಯಾಗಿಲ್ಲವಲ್ಲ ಎಂದು ಮನೆಯವರಿಗೆ ಬೇಸರ. ಆ ಅಕ್ಕನಿಗೆ ಹೊಸ್ತಿಲು ದಾಟುವಾಗೆಲ್ಲ ಎದೆ ಡವಡವ.

ದಿನಾ ನೋಡಿದರೆ ರೂಢಿಯಾಗುತ್ತದೆ ಎನ್ನುವುದು ಅರ್ಧ ಮಾತ್ರ ನಿಜ. ನೆಮ್ಮದಿಯಿಂದ ನೋಡಿದರೆ ರೂಢಿಯಾಗುತ್ತದೆ. ಹೆದರುತ್ತಲೇ ನೋಡಿದರೆ ಹೆದರಿಕೆಯೇ ರೂಢಿಯಾಗುತ್ತದೆ. ವರ್ಷದಲ್ಲಿ ಮುನ್ನೂರು ಸಲ ಹೆದರಿದ ನಾಯಿ ಮುನ್ನೂರು ಸಲ ಹೆದರುವ ಅಭ್ಯಾಸ ಮಾಡಿದೆ. ಇದನ್ನು ತಿರುಗಿಸಬಹುದು. ಆದರೆ ಅದು ಆ ಅಕ್ಕ ಮಾಡಬೇಕಾದ ಕೆಲಸವಲ್ಲ, ನಾಯಿ ಸಾಕಿದವರದು. ಅಕ್ಕ ಮಾಡಬೇಕಾದದ್ದು ಬಹುಪಾಲು ಏನೂ ಮಾಡದಿರುವುದು.

ಆ ಒಬ್ಬರೇ ಯಾಕೆ?

ಮನೆಗೆಲಸವನ್ನು ನಾಯಿಯ ಕಣ್ಣಿನಿಂದ, ಅಂದರೆ ನೆಲದಿಂದ ಒಂದೂವರೆ ಅಡಿ ಎತ್ತರದಿಂದ ನೋಡಿ. ಬೇರೆಯವರು ಬಂದರೆ ಸೋಫಾದಲ್ಲಿ ಕೂರುತ್ತಾರೆ, ಒಂದೇ ಕಡೆ ಇರುತ್ತಾರೆ. ಕೆಲಸಕ್ಕೆ ಬಂದವರು ಕೂರುವುದೇ ಇಲ್ಲ. ಪ್ರತಿ ಕೋಣೆಗೂ ಹೋಗುತ್ತಾರೆ, ಕುರ್ಚಿ ಎಳೆಯುತ್ತಾರೆ, ನಾಯಿಯ ಹಾಸಿಗೆ ಎತ್ತಿ ಕೊಡವುತ್ತಾರೆ, ಅದರ ಊಟದ ಬಟ್ಟಲನ್ನು ಪಕ್ಕಕ್ಕೆ ಸರಿಸುತ್ತಾರೆ. ಸರಸರ ಸದ್ದು ಮಾಡುವ ಪೊರಕೆ ಸರಿಯಾಗಿ ನಾಯಿಯ ಮೂತಿಯ ಮಟ್ಟದಲ್ಲಿ ಎಡಕ್ಕೂ ಬಲಕ್ಕೂ ಆಡುತ್ತ ಅದರತ್ತಲೇ ಬರುತ್ತದೆ. ಮೇಲಾಗಿ ಗುಡಿಸುವವರು ಉದ್ದಕ್ಕೂ ಬಗ್ಗಿರುತ್ತಾರೆ. ಬೀದಿಯಿಂದ ತಂದು ಸಾಕಿದ ನಾಯಿಗೆ ಬಗ್ಗಿದ ಮನುಷ್ಯ ಅಂದರೆ ಕಲ್ಲು. ನಮ್ಮ ಊರುಗಳಲ್ಲಿ ಯಾರಾದರೂ ಚಪ್ಪಲಿಯ ಪಟ್ಟಿ ಸರಿಮಾಡಲು ನೆಲದ ಕಡೆ ಕೈ ಚಾಚಿದರೂ ಸಾಕು, ಹತ್ತಿರದ ಬೀದಿನಾಯಿ ನಾಲ್ಕು ಹೆಜ್ಜೆ ಹಿಂದಕ್ಕೆ ಹಾರುವುದನ್ನು ನೋಡಬಹುದು. ಆ ಪಾಠವನ್ನು ನಾಯಿ ಮನೆಯೊಳಗೂ ತಂದುಕೊಂಡಿರುತ್ತದೆ.

ಮರಿಯಾಗಿದ್ದಾಗ ನೋಡಿದ್ದೂ ಲೆಕ್ಕಕ್ಕೆ ಬರುತ್ತದೆ. ಸುಮಾರು 3 ವಾರದಿಂದ 12–14 ವಾರದವರೆಗಿನ ವಯಸ್ಸಿನಲ್ಲಿ ಮರಿ ಯಾವ ಯಾವ ಬಗೆಯ ಜನರನ್ನು ಹೆದರಿಕೆಯಿಲ್ಲದೆ ಕಂಡಿರುತ್ತದೋ ಅವರು ಮುಂದೆ ಅದಕ್ಕೆ ಸಹಜವಾಗುತ್ತಾರೆ. ಆಗ ಕಾಣದ ಸೀರೆ, ಹೆಲ್ಮೆಟ್, ಊರುಗೋಲು, ಬಿಳಿ ಗಡ್ಡ ದೊಡ್ಡದಾದ ಮೇಲೆ ವಿಚಿತ್ರವಾಗಿ ಕಾಣಬಹುದು. ತಳಿಯ ಸ್ವಭಾವವೂ ಸ್ವಲ್ಪ ಇದೆ: ಮುಧೋಳ ನಾಯಿ ಸಾಮಾನ್ಯವಾಗಿ ಅಪರಿಚಿತರು ಮುಟ್ಟುವುದನ್ನು ಇಷ್ಟಪಡುವುದಿಲ್ಲ, ಲ್ಯಾಬ್ರಡಾರ್‌ನಿಂದ ನಿರೀಕ್ಷಿಸುವ ಸಲುಗೆಯನ್ನು ಅದರಿಂದ ನಿರೀಕ್ಷಿಸುವುದು ತಪ್ಪು.

ಇನ್ನು ಬೊಗಳುವುದರಿಂದ ನಾಯಿಗೆ ಲಾಭವೂ ಆಗುತ್ತಿರುತ್ತದೆ. ಅದು ಬೊಗಳಿದಾಗ ಅಕ್ಕ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಬೊಗಳಿದರೆ ದೂರ ಸಿಗುತ್ತದೆ ಎಂದು ನಾಯಿ ಕಲಿಯುತ್ತದೆ. ಸಿಲಿಂಡರ್ ತರುವವರು, ಕೊರಿಯರ್‌ನವರು ಕೊಟ್ಟು ಹೊರಟೇಹೋಗುವುದರಿಂದ ಅವರ ವಿಷಯದಲ್ಲಿ ಈ ಪಾಠ ಇನ್ನೂ ಗಟ್ಟಿ. ಅಂದರೆ ನಾಯಿ ಕೇಳುತ್ತಿರುವುದು ದೂರವನ್ನು. ನಾವು ಅದನ್ನು ಬೊಗಳುವ ಮೊದಲೇ ಕೊಟ್ಟುಬಿಟ್ಟರೆ ಬೊಗಳುವ ಅಗತ್ಯ ಕಮ್ಮಿಯಾಗುತ್ತದೆ.

ಕೈಯಿಂದ ಬಿಸ್ಕತ್ತು ಕೊಡಿಸಬೇಡಿ

‘ಅಕ್ಕ, ನೀವೇ ಒಂದು ಬಿಸ್ಕತ್ತು ಕೊಡಿ, ಫ್ರೆಂಡ್ ಆಗುತ್ತೆ’ ಎನ್ನದ ಮನೆಯೇ ಇಲ್ಲ. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಆಗ ಏನಾಗುತ್ತದೆ ಎಂದು ಹತ್ತಿರದಿಂದ ನೋಡಿ. ನಾಯಿಯ ಹಿಂಗಾಲು ಇದ್ದಲ್ಲೇ ಊರಿರುತ್ತದೆ, ಕುತ್ತಿಗೆ ಮಾತ್ರ ಮುಂದಕ್ಕೆ ಚಾಚಿಕೊಂಡಿರುತ್ತದೆ. ಮೈಯೆಲ್ಲ ರಬ್ಬರಿನಂತೆ ಎಳೆದಿರುತ್ತದೆ. ಬಿಸ್ಕತ್ತನ್ನು ಕಿತ್ತುಕೊಳ್ಳುತ್ತದೆ. ತಿಂದ ಮರುಕ್ಷಣ ತಾನೆಲ್ಲಿದ್ದೇನೆ ಎಂದು ಅದಕ್ಕೆ ಅರಿವಾಗುತ್ತದೆ: ಹೆದರುವ ವ್ಯಕ್ತಿ ಒಂದಡಿ ದೂರದಲ್ಲಿದ್ದಾರೆ, ಬಾಯಲ್ಲಿ ತಿಂಡಿ ಇಲ್ಲ. ಅಷ್ಟರಲ್ಲಿ ಅವರು ಪ್ರೀತಿಯಿಂದ ತಲೆ ಸವರಲು ಕೈ ಎತ್ತುತ್ತಾರೆ. ‘ಬಿಸ್ಕತ್ತು ತಿಂದು ಆಮೇಲೆ ಕಚ್ಚಿತು’ ಎಂಬ ದೂರು ಹುಟ್ಟುವುದು ಇಲ್ಲಿ. ನಾಯಿ ಉಪಕಾರ ಮರೆಯಲಿಲ್ಲ, ಆಸೆ ಅದನ್ನು ಧೈರ್ಯ ಇರುವಷ್ಟಕ್ಕಿಂತ ಮುಂದಕ್ಕೆ ಎಳೆದು ತಂದಿತ್ತು.

ಹೀಗಾಗಿ ಮೊದಲ ಹಂತಗಳಲ್ಲಿ ತಿಂಡಿ ನಿಮ್ಮ ಕೈಯಿಂದಲೇ ಬರಬೇಕು. ಅವರು ಬರೀ ಕಾಣಿಸಿಕೊಂಡರೆ ಸಾಕು.

ನಾಯಿ ಹೇಳುವುದನ್ನು ಓದುವುದು

ಬೊಗಳುವುದು, ಗುರ್ ಎನ್ನುವುದು ಕೊನೆಯ ಮಾತುಗಳು. ಅದಕ್ಕೂ ಮೊದಲು ನಾಯಿ ಎಷ್ಟೋ ಹೇಳಿರುತ್ತದೆ. ನಿದ್ದೆ ಬರುವ ಹೊತ್ತಲ್ಲದಿದ್ದರೂ ಆಕಳಿಸುತ್ತದೆ. ತಿಂಡಿ ಇಲ್ಲದೆಯೂ ನಾಲಿಗೆಯಿಂದ ಮೂಗು ನೆಕ್ಕಿಕೊಳ್ಳುತ್ತದೆ. ಮುಖ ಆಚೆ ತಿರುಗಿಸಿ ಕಣ್ಣಂಚಿನಲ್ಲಿ ನೋಡುತ್ತದೆ, ಆಗ ಕಣ್ಣಿನ ಬಿಳಿ ಅರ್ಧಚಂದ್ರದಂತೆ ಕಾಣುತ್ತದೆ. ಕಿವಿ ಹಿಂದಕ್ಕೆ ಅಂಟಿಕೊಳ್ಳುತ್ತದೆ, ಒಂದು ಮುಂಗಾಲು ಎತ್ತಿ ನಿಲ್ಲುತ್ತದೆ. ಬಾಲ ಅಲ್ಲಾಡುತ್ತಿದೆ ಎಂದು ನಂಬಬೇಡಿ. ಸೊಂಟದ ಸಮೇತ ಸಡಿಲವಾಗಿ ಆಡುವ ಬಾಲ ಬೇರೆ, ಮೇಲೆತ್ತಿದ ಕಡ್ಡಿಯಂತೆ ಬಿಗಿಯಾಗಿ ಚಿಕ್ಕದಾಗಿ ನಡುಗುವ ಬಾಲ ಬೇರೆ. ಎಲ್ಲಕ್ಕಿಂತ ಅಪಾಯದ್ದು ಸದ್ದಿಲ್ಲದ ಸ್ಥಿತಿ: ಏದುಸಿರು ಬಿಡುತ್ತಿದ್ದ ನಾಯಿ ಬಾಯಿ ಮುಚ್ಚಿ, ಅಲುಗಾಡದೆ, ದಿಟ್ಟಿಸಿ ನೋಡತೊಡಗಿದರೆ ಮುಂದಿನದು ಕಚ್ಚುವುದಿರಬಹುದು. ಕೂಡಲೇ ದೂರ ಕರೆದುಕೊಂಡು ಹೋಗಿ.

ಗುರ್ ಎಂದರೆ ಗದರಬೇಡಿ, ಹೊಡೆಯಲೇಬೇಡಿ. ಗದರಿದರೆ ಹೆದರಿಕೆ ಹೋಗುವುದಿಲ್ಲ, ಎಚ್ಚರಿಕೆ ಕೊಡುವ ಅಭ್ಯಾಸ ಹೋಗುತ್ತದೆ. ಹೇಳದೆ ಕಚ್ಚುವ ನಾಯಿಗಳಲ್ಲಿ ಎಷ್ಟೋ ಹಾಗೆ ತಯಾರಾದವು.

ಶುರು ಮಾಡುವ ಮುಂಚೆ

ಮೊದಲು ಆ ಅಕ್ಕನನ್ನು ಕೇಳಿ. ನಾಯಿಯ ಜೊತೆ ಸ್ನೇಹ ಅವರ ಕೆಲಸದ ಭಾಗವಲ್ಲ. ಬೇಡ ಎಂದರೆ ಅಲ್ಲಿಗೆ ಮುಗಿಯಿತು, ಅವರಿರುವಷ್ಟು ಹೊತ್ತು ನಾಯಿ ಇನ್ನೊಂದು ಕೋಣೆಯಲ್ಲಿರುವುದು ಪೂರ್ಣ ಪರಿಹಾರವೇ, ಸೋಲಲ್ಲ. ಒಪ್ಪಿದರೆ ದಿನಕ್ಕೆ ಹತ್ತು ನಿಮಿಷ ಬೇಕು. ಅದನ್ನು ಕೆಲಸದ ಸಮಯದಲ್ಲೇ ಲೆಕ್ಕ ಹಿಡಿಯಿರಿ ಅಥವಾ ಬೇರೆ ಹಣ ಕೊಡಿ. ನಾಯಿಗೆ ವರ್ಷದ ರೇಬಿಸ್ ಲಸಿಕೆ ಆಗಿರಬೇಕು, ಕಾರ್ಡು ಕೈಗೆ ಸಿಗುವಂತಿರಬೇಕು.

ಮೊದಲು ಸುಮ್ಮನಿದ್ದ ನಾಯಿ ಇದ್ದಕ್ಕಿದ್ದಂತೆ ಸಿಡುಕತೊಡಗಿದ್ದರೆ ಪಶುವೈದ್ಯರಿಗೆ ತೋರಿಸಿ. ಕಿವಿಯ ಸೋಂಕು, ಹಲ್ಲು, ಸೊಂಟದ ಕೀಲು ನೋಯುತ್ತಿರುವ ನಾಯಿಗೆ ಯಾರಾದರೂ ಹತ್ತಿರ ಬಂದರೇ ಭಯ. ಅಂಥ ನೋವನ್ನು ಯಾವ ತರಬೇತಿಯೂ ಬಿಡಿಸುವುದಿಲ್ಲ.

ಅಭ್ಯಾಸ ನಡೆಯದ ಹೊತ್ತಿನಲ್ಲಿ ಇಬ್ಬರೂ ಎದುರಾಗಬಾರದು. ಇದನ್ನು ಬಹಳ ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಬೆಳಿಗ್ಗೆ ಹತ್ತು ನಿಮಿಷ ಕಷ್ಟಪಟ್ಟು ಕಲಿಸಿ, ಉಳಿದ ಮುಕ್ಕಾಲು ಗಂಟೆ ನಾಯಿ ಅವರ ಹಿಂದೆ ಬೊಗಳುತ್ತ ತಿರುಗಿದರೆ ಕಲಿಸಿದ್ದು ನೀರಿನಲ್ಲಿ ಹೋಮ. ಅವರು ಬರುವ ಐದು ನಿಮಿಷ ಮುಂಚೆ ನಾಯಿಯನ್ನು ಕೋಣೆಗೆ ಬಿಟ್ಟು ಚಿಲಕ ಹಾಕಿ. ಒಳಗೆ ನೀರು, ಹಾಸಿಗೆ, ಫ್ಯಾನಿನ ಸದ್ದು ಇರಲಿ. ಒಳಗೆ ಟೊಳ್ಳಿರುವ ರಬ್ಬರ್ ಆಟಿಕೆಯಲ್ಲಿ ಉಪ್ಪಿಲ್ಲದ ಮೊಸರನ್ನ ತುಂಬಿ ಹಿಂದಿನ ರಾತ್ರಿಯೇ ಫ್ರೀಜರ್‌ನಲ್ಲಿಟ್ಟರೆ ಬಹಳ ಹೊತ್ತು ನೆಕ್ಕುತ್ತ ಕೂರುತ್ತದೆ. ಗ್ರಿಲ್ ಬಾಗಿಲಿಗೆ ಕಟ್ಟಿಹಾಕುವುದು ಮಾತ್ರ ಬೇಡ. ಎಲ್ಲ ಕಾಣುತ್ತದೆ, ತಪ್ಪಿಸಿಕೊಳ್ಳಲು ಆಗುವುದಿಲ್ಲ, ಸಿಟ್ಟು ಹೆಚ್ಚುತ್ತದೆ.

ಕತ್ತು ಬಿಗಿಯುವ ಚೈನ್ ತೆಗೆದು ಎದೆಗೆ ಹಾಕುವ ಹಾರ್ನೆಸ್ ಹಾಕಿ. ಅವರನ್ನು ಕಂಡಾಗಲೆಲ್ಲ ಕತ್ತು ನೊಂದರೆ ನೋವು ಅವರಿಂದಲೇ ಬಂತು ಎಂದು ನಾಯಿ ತಿಳಿಯುತ್ತದೆ. ಆರಡಿ ಉದ್ದದ ಬೆಲ್ಟು ಸಾಕು, ನಡುವೆ ಜೋತು ಬಿದ್ದಿರುವಷ್ಟು ಸಡಿಲವಾಗಿ ಹಿಡಿಯಿರಿ.

ತಿಂಡಿಗೆ ಉಪ್ಪು ಹಾಕದೆ ಬೇಯಿಸಿದ, ಮೂಳೆಯಿಲ್ಲದ ಕೋಳಿ ಮಾಂಸ ಎಲ್ಲಕ್ಕಿಂತ ಚೆನ್ನ. ಮಾಂಸ ತರದ ಮನೆಯಲ್ಲಿ ಪನೀರ್ ಆಗಬಹುದು. ಬಟಾಣಿ ಕಾಳಿನಷ್ಟು ಚೂರು ಮಾಡಿ, ಒಂದು ಸಲಕ್ಕೆ 40–50 ಚೂರು ಇಟ್ಟುಕೊಳ್ಳಿ, ಅಷ್ಟನ್ನು ಆ ದಿನದ ಊಟದಲ್ಲಿ ಕಳೆಯಿರಿ. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ನಾಯಿಗೆ ವಿಷ. ಸಾರಿನಿಂದ ತೆಗೆದ ಕೋಳಿ ತುಂಡು ಬೇಡ ಎನ್ನುವುದು ಇದಕ್ಕೇ. ಈ ವಿಶೇಷ ತಿಂಡಿ ಆ ಅಕ್ಕ ಬಂದಾಗ ಬಿಟ್ಟು ಬೇರೆ ಯಾವ ಹೊತ್ತಿನಲ್ಲೂ ಸಿಗಬಾರದು.

ಮೊದಲು ಮನುಷ್ಯ, ಆಮೇಲೆ ತಿಂಡಿ

ಸೂಜಿ ಚುಚ್ಚುವ ಮುಂಚೆ ಪ್ರತಿ ಸಲವೂ ಮಗುವಿನ ಕೈಗೆ ಚಾಕೊಲೇಟ್ ಕೊಟ್ಟು ನೋಡಿ. ನಾಲ್ಕನೆಯ ಸಲಕ್ಕೆ ಚಾಕೊಲೇಟ್ ಕಂಡರೇ ಮಗು ಅಳುತ್ತದೆ. ನಾಯಿಗೂ ಅಷ್ಟೇ. ತಿಂಡಿ ತೋರಿಸಿ ಪುಸಲಾಯಿಸಿ ಅಕ್ಕನ ಹತ್ತಿರ ಕರೆತಂದರೆ ತಿಂಡಿಯ ಮೇಲೇ ಅನುಮಾನ ಹುಟ್ಟುತ್ತದೆ. ರಷ್ಯಾದ ವಿಜ್ಞಾನಿ ಇವಾನ್ ಪಾವ್ಲೊವ್ ನೂರಕ್ಕೂ ಹೆಚ್ಚು ವರ್ಷದ ಹಿಂದೆ ನಾಯಿಗಳಿಗೆ ಮೊದಲು ತಾಳ ಹಿಡಿಯುವ ಯಂತ್ರವಾದ ಮೆಟ್ರೊನೋಮ್‌ನ ಟಿಕ್ ಟಿಕ್ ಕೇಳಿಸಿ ಆಮೇಲೆ ಆಹಾರ ಕೊಟ್ಟಾಗ, ಸದ್ದಿಗೇ ಜೊಲ್ಲು ಸುರಿಯತೊಡಗಿತು. ಆ ಕ್ರಮವೇ ಮುಖ್ಯ. ಅಕ್ಕ ಕಾಣಬೇಕು, ನಾಯಿ ಅವರನ್ನು ನೋಡಬೇಕು, ಒಂದು ಕ್ಷಣ ಬಿಟ್ಟು ತಿಂಡಿ ಬರಬೇಕು. ಅವರು ಮರೆಯಾದರೆ ತಿಂಡಿಯೂ ನಿಲ್ಲಬೇಕು.

ಬೊಗಳುವ ನಾಯಿಗೆ ತಿಂಡಿ ಕೊಟ್ಟರೆ ಬೊಗಳುವುದಕ್ಕೆ ಬಹುಮಾನ ಕೊಟ್ಟಂತಲ್ಲವೇ ಎಂದು ಕೇಳುತ್ತಾರೆ. ಇಲ್ಲಿ ಬದಲಾಗುತ್ತಿರುವುದು ನಡವಳಿಕೆಯ ಹಿಂದಿರುವ ಭಾವನೆ. ಹೆದರಿದ ಮಗುವಿಗೆ ಕೈ ಹಿಡಿದರೆ ಹೆದರಿಕೆ ಹೆಚ್ಚುವುದಿಲ್ಲ. ಹಾಗಿದ್ದರೂ ಬೊಗಳುವವರೆಗೆ ಹೋಯಿತು ಎಂದರೆ ನೀವು ತೀರ ಹತ್ತಿರ ನಿಂತಿದ್ದೀರಿ ಎಂದರ್ಥ. ಹಿಂದೆ ಸರಿಯಿರಿ.

ದೂರ ಎಷ್ಟಿರಬೇಕು ಎಂಬುದಕ್ಕೆ ನಾಯಿಯೇ ಅಳತೆಗೋಲು. ಅವರನ್ನು ನೋಡಿಯೂ ತಿಂಡಿಯನ್ನು ಮೆಲ್ಲಗೆ ತೆಗೆದುಕೊಂಡರೆ, ಹೆಸರು ಕರೆದರೆ ತಿರುಗಿದರೆ ದೂರ ಸರಿಯಿದೆ. ಬೆರಳು ಸಮೇತ ಕಚ್ಚಿ ಕಸಿದರೆ ಗಡಿಯ ಮೇಲಿದ್ದೀರಿ. ಕೋಳಿಯನ್ನೂ ಮೂಸದಿದ್ದರೆ ಗಡಿ ದಾಟಿದ್ದೀರಿ.

ಮೊದಲ ಭೇಟಿ ಮನೆಯೊಳಗೆ ಬೇಡ. ರಸ್ತೆಯ ಬದಿ, ಅಪಾರ್ಟ್‌ಮೆಂಟಿನ ಖಾಲಿ ಪಾರ್ಕಿಂಗ್, ಪಕ್ಕದ ಸೈಟು, ಎಲ್ಲಾದರೂ 30 ಅಡಿ ಸಿಗುವ ಜಾಗ. ಅಕ್ಕ ಗೋಡೆಯ ಮರೆಯಿಂದ ಐದು ಸೆಕೆಂಡ್ ಹೊರಗೆ ಬಂದು, ಪಕ್ಕಕ್ಕೆ ತಿರುಗಿ ನಿಂತು, ನಾಯಿಯನ್ನು ನೋಡದೆ, ಮತ್ತೆ ಮರೆಗೆ ಹೋಗಲಿ. ಕಾಣುವಷ್ಟು ಹೊತ್ತು ಚೂರಿನ ಮೇಲೆ ಚೂರು. ಎಂಟು ಹತ್ತು ಸಲ, ಐದು ನಿಮಿಷದಲ್ಲಿ ಮುಗಿಸಿ. ಎರಡೋ ಮೂರೋ ದಿನದಲ್ಲಿ, ಕೆಲವು ನಾಯಿಗಳಿಗೆ ಎರಡು ವಾರದಲ್ಲಿ, ಒಂದು ಗಳಿಗೆ ಬರುತ್ತದೆ: ಅಕ್ಕ ಕಂಡ ಕೂಡಲೇ ನಾಯಿ ತಟ್ಟನೆ ತಲೆ ತಿರುಗಿಸಿ ನಿಮ್ಮ ಮುಖ ನೋಡುತ್ತದೆ, ‘ಬಂದರು, ಎಲ್ಲಿ ನನ್ನ ಕೋಳಿ?’ ಎನ್ನುವಂತೆ. ಆ ನೋಟ ಬರುವವರೆಗೆ ದೂರ ಕಮ್ಮಿ ಮಾಡಬೇಡಿ. ಬಂದ ಮೇಲೆ ಮೂರು ನಾಲ್ಕು ಅಡಿಯಂತೆ ಹತ್ತಿರವಾಗಿ.

ಹತ್ತಡಿಯಲ್ಲೂ ಸಡಿಲವಾಗಿದ್ದರೆ, ಒಂದೇ ದಿಕ್ಕಿಗೆ ಸ್ವಲ್ಪ ದೂರ ನಡೆಯಿರಿ: ಅಕ್ಕ ಒಂದು ಬದಿ, ನೀವು ನಡುವೆ, ನಾಯಿ ಇನ್ನೊಂದು ಬದಿ. ಆಮೇಲೆ ಅಕ್ಕ ಮೊದಲು ಮನೆಯೊಳಗೆ ಹೋಗಿ ಕುರ್ಚಿಯಲ್ಲಿ ಕೂರಲಿ, ನಾಯಿ ಹಿಂದಿನಿಂದ ಬರಲಿ. ತಾನಿರುವ ಮನೆಗೆ ಯಾರೋ ನುಗ್ಗಿದರು ಎನ್ನುವುದಕ್ಕೂ, ತಾನು ಬಂದಾಗ ಅವರು ಅಲ್ಲೇ ಕೂತಿದ್ದರು ಎನ್ನುವುದಕ್ಕೂ ನಾಯಿಗೆ ಬಹಳ ವ್ಯತ್ಯಾಸವಿದೆ.

ಈಗ ಅಕ್ಕನ ಕೈಗೂ ಒಂದಷ್ಟು ಚೂರು ಕೊಡಬಹುದು, ಆದರೆ ತಿನ್ನಿಸಲಿಕ್ಕಲ್ಲ, ಎಸೆಯಲಿಕ್ಕೆ. ನಾಯಿಯ ಮುಂದೆ ಎಸೆಯಬಾರದು, ಅದರ ಬೆನ್ನ ಹಿಂದೆ ನಾಲ್ಕೈದು ಅಡಿ ಆಚೆ ಬೀಳಬೇಕು. ನಾಯಿ ತಿರುಗಿ ಹೋಗಿ ತಿನ್ನುತ್ತದೆ, ದೂರ ಸಿಕ್ಕಿದ ನೆಮ್ಮದಿಯೂ ತಿಂಡಿಯ ಜೊತೆ ಸಿಗುತ್ತದೆ. ಬೇಕೆನಿಸಿದರೆ ತಾನಾಗಿ ಹತ್ತಿರ ಬರುತ್ತದೆ. ಬಂದು ಮೂಸಿದರೆ ಅಕ್ಕ ಕೈಯನ್ನು ತೊಡೆಯ ಮೇಲೇ ಇಟ್ಟುಕೊಂಡಿರಲಿ, ಬಗ್ಗುವುದು ಬೇಡ, ಕಣ್ಣಲ್ಲಿ ಕಣ್ಣಿಡುವುದು ಬೇಡ. ‘ಶೇಕ್‌ಹ್ಯಾಂಡ್ ಕೊಡು’ ಎಂದು ನೀವೂ ಒತ್ತಾಯ ಮಾಡಬೇಡಿ.

ಕೂತಿದ್ದವರು ಏಳುವ ಕ್ಷಣದಲ್ಲಿ ಎಚ್ಚರ. ಅರ್ಧ ಗಂಟೆ ಪಕ್ಕದಲ್ಲಿ ಮಲಗಿದ್ದ ನಾಯಿ ಅವರು ಎದ್ದ ಕೂಡಲೇ ಮೇಲೆ ಎಗರುವುದು ತೀರ ಸಾಮಾನ್ಯ. ಕೂತ ಮನುಷ್ಯನಿಗೆ ಒಗ್ಗಿದ್ದ ನಾಯಿಗೆ ನಿಂತ ಮನುಷ್ಯ ಹೊಸಬ. ಇದನ್ನೇ ಬೇರೆಯಾಗಿ ಅಭ್ಯಾಸ ಮಾಡಿಸಬೇಕು. ‘ಏಳ್ತೀನಿ’ ಎಂದು ಹೇಳಿ ಅಕ್ಕ ಕುರ್ಚಿಯಲ್ಲೇ ಸ್ವಲ್ಪ ಮುಂದಕ್ಕೆ ಜರುಗಲಿ, ನೀವು ನಾಲ್ಕು ಚೂರು ನೆಲಕ್ಕೆ ಚೆಲ್ಲಿ. ಆಮೇಲೆ ಅರ್ಧ ಎದ್ದು ಕೂರಲಿ. ಆಮೇಲೆ ಪೂರ್ತಿ ನಿಲ್ಲಲಿ. ಆಮೇಲೆ ಎರಡು ಹೆಜ್ಜೆ, ನಾಯಿಯ ಕಡೆಗಲ್ಲ, ಆಚೆಗೆ.

ಪೊರಕೆಯ ಪಾಠ ಬೇರೆ

ಅಕ್ಕನ ಮೇಲಿನ ಹೆದರಿಕೆಯಲ್ಲಿ ಪೊರಕೆಯ ಪಾಲು ಎಷ್ಟು ಎಂದು ತಿಳಿಯಲು ನೀವೇ ಪೊರಕೆ ಹಿಡಿದು ನೋಡಿ. ನಿಮಗೂ ಬೊಗಳಿದರೆ, ಹಿಂದೆ ಸರಿದರೆ ಪೊರಕೆಗೇ ಒಂದು ಪಾಠ ಬೇಕು, ಅದು ಅಕ್ಕ ಇಲ್ಲದ ಹೊತ್ತಿನಲ್ಲಿ. ಮೊದಲ ದಿನ ಪೊರಕೆ ನೆಲದ ಮೇಲೆ ಸುಮ್ಮನೆ ಬಿದ್ದಿರಲಿ, ಸುತ್ತ ಚೂರು ಚೆಲ್ಲಿ. ನಂತರ ನೀವು ಅದನ್ನು ಗೇಣುದ್ದ ಸರಿಸಿ, ತಿಂಡಿ. ಎತ್ತಿ ಹಿಡಿಯಿರಿ, ತಿಂಡಿ. ಎರಡು ಸಲ ಗುಡಿಸಿ, ನಾಯಿಯಿಂದ ಆಚೆ ದಿಕ್ಕಿಗೆ, ತಿಂಡಿ. ಹುಲ್ಲಿನ ಪೊರಕೆಗೆ ಒಗ್ಗಿದ ನಾಯಿ ಅಂಗಳ ಗುಡಿಸುವ ಕಡ್ಡಿ ಪೊರಕೆಯ ಕರಕರ ಸದ್ದಿಗೆ ಮತ್ತೆ ಬೆಚ್ಚಬಹುದು. ಅದು ಇನ್ನೊಂದು ಪಾಠ. ನೆಲ ಒರೆಸುವ ಕೋಲು, ಬಕೆಟ್ ಎಳೆಯುವ ಸದ್ದು ಕೂಡ ಹಾಗೆಯೇ. ಕಾಲಿಂಗ್ ಬೆಲ್‌ನ ಸದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ತೀರ ಸಣ್ಣ ದನಿಯಿಂದ ಶುರು ಮಾಡಿ, ಇದೇ ಕ್ರಮದಲ್ಲಿ ಕೇಳಿಸಬಹುದು.

ಅಕ್ಕ ಮತ್ತು ಪೊರಕೆ ಒಟ್ಟಿಗೆ ಬರುವ ದಿನ ದೂರ ಹೆಚ್ಚಿಸಿ. ಹಾಲ್‌ನ ಆ ತುದಿಯಲ್ಲಿ ಅವರು, ಈ ತುದಿಯಲ್ಲಿ ನಾಯಿ, ನಡುವೆ ಅಡ್ಡಗೇಟು ಇದ್ದರೆ ಒಳ್ಳೆಯದು. ಹೊಸದೊಂದನ್ನು ಸೇರಿಸಿದಾಗ ಹಳೆಯದೊಂದನ್ನು ಸುಲಭ ಮಾಡಬೇಕು, ಎರಡನ್ನೂ ಒಟ್ಟಿಗೆ ಏರಿಸಬಾರದು. ಎಷ್ಟೋ ಪ್ರಯತ್ನಗಳು ಕೆಡುವುದು ಇಲ್ಲಿನ ಅವಸರದಿಂದ. ನಾಯಿಯ ಹಾಸಿಗೆಯಿರುವ ಮೂಲೆಯನ್ನು ನೀವೇ ಗುಡಿಸಿ. ನಾಯಿಗೂ ಮನೆಯಲ್ಲಿ ಯಾರೂ ಬಂದು ಎಬ್ಬಿಸದ ಒಂದು ಜಾಗ ಬೇಕು.

ಏರುಪೇರು, ಮತ್ತು ಕಚ್ಚಿದರೆ

ಪಟಾಕಿ ಹೊಡೆದ ಮರುದಿನ, ಆಸ್ಪತ್ರೆಗೆ ಹೋಗಿಬಂದ ದಿನ, ಮನೆತುಂಬ ನೆಂಟರಿದ್ದ ದಿನ ಅಭ್ಯಾಸ ಬಿಡಿ. ಒಂದು ಹೆದರಿಕೆಯ ಬಿಸಿ ಆರುವ ಮುಂಚೆ ಇನ್ನೊಂದು ಬಂದರೆ ಎರಡೂ ಕೂಡಿಕೊಳ್ಳುತ್ತವೆ. ನಿನ್ನೆ ತಡೆದುಕೊಂಡ ಐದಡಿ ದೂರವನ್ನು ನಾಯಿ ಇಂದು ತಡೆಯಲಾರದು. ಅದನ್ನು ಹಟ ಎಂದುಕೊಂಡು ಒತ್ತಾಯಿಸಿದರೆ ವಾರದ ಕೆಲಸ ಒಂದು ಗಳಿಗೆಯಲ್ಲಿ ಹೋಗುತ್ತದೆ.

ಈಗಾಗಲೇ ಹಲ್ಲು ತಾಗಿಸಿದ ನಾಯಿಗೆ ಬುಟ್ಟಿಯಾಕಾರದ ಮಜಲ್ ಕಲಿಸಿ, ಹೊಲದಲ್ಲಿ ಎತ್ತಿನ ಬಾಯಿಗೆ ಕಟ್ಟುವ ಕುಕ್ಕೆಯಂಥದ್ದು. ಅದರೊಳಗೆ ನಾಯಿ ಬಾಯಿ ತೆರೆದು ಏದುಸಿರು ಬಿಡಬಹುದು, ನೀರು ಕುಡಿಯಬಹುದು, ತಿಂಡಿ ತಿನ್ನಬಹುದು. ಬಾಯಿ ಬಿಗಿಯುವ ಬಟ್ಟೆಯ ಪಟ್ಟಿ ಬೇಡ, ನಮ್ಮ ಸೆಖೆಗೆ ಅದು ಅಪಾಯ. ಬುಟ್ಟಿಯೊಳಗೆ ಮೊಸರು ಸವರಿ, ನಾಯಿಯೇ ಮೂತಿ ತೂರಿಸುವಂತೆ ಒಂದೆರಡು ವಾರ ಆಡಿಸಿದ ಮೇಲಷ್ಟೇ ಪಟ್ಟಿ ಕಟ್ಟಿ. ಇಂಥ ನಾಯಿಗೆ ನಡವಳಿಕೆಯ ವಿಷಯ ಬಲ್ಲ ಪಶುವೈದ್ಯರ ಮಾರ್ಗದರ್ಶನ ಬೇಕೇ ಬೇಕು. ಕೆಲವಕ್ಕೆ ಆತಂಕ ಇಳಿಸುವ ಔಷಧವೂ ಬೇಕಾಗುತ್ತದೆ. ಕರೆಂಟ್ ಹೊಡೆಸುವ ಪಟ್ಟಿ ಹಾಕಿ ‘ಬಗ್ಗಿಸುತ್ತೇವೆ’ ಎನ್ನುವವರಿಗೆ ನಾಯಿ ಒಪ್ಪಿಸಬೇಡಿ.

ಎಷ್ಟೇ ಜಾಗ್ರತೆ ಮಾಡಿದರೂ ಹಲ್ಲು ತಾಗಿ ಗಾಯವಾದರೆ, ಹರಿಯುವ ನಲ್ಲಿ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಖಾರದಪುಡಿ ಯಾವುದನ್ನೂ ಹಚ್ಚಬಾರದು. ನಾಯಿಗೆ ಲಸಿಕೆ ಆಗಿದ್ದರೂ ಗಾಯವಾದವರನ್ನು ಅದೇ ದಿನ ವೈದ್ಯರ ಬಳಿ ಕರೆದುಕೊಂಡು ಹೋಗಿ. ಚರ್ಮದೊಳಗೆ ಕೊಡುವ ರೇಬಿಸ್ ಲಸಿಕೆಯನ್ನು 0, 3, 7 ಮತ್ತು 28ನೇ ದಿನ ಹಾಕುತ್ತಾರೆ. ಒಂದನ್ನೂ ತಪ್ಪಿಸಬಾರದು. ನಾಯಿಯನ್ನು 10 ದಿನ ಮನೆಯಲ್ಲೇ ಇಟ್ಟು ಗಮನಿಸಿ. ಖರ್ಚು, ರಜೆಯ ಕೂಲಿ ಎರಡೂ ನಿಮ್ಮದು. ಸಾಕಿದ ಪ್ರಾಣಿಯ ಬಗ್ಗೆ ಅಜಾಗರೂಕತೆ ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನ್ ಪ್ರಕಾರ ಅಪರಾಧವೂ ಹೌದು.

ಅಕ್ಕ ಹಬ್ಬಕ್ಕೆ ಊರಿಗೆ ಹೋಗಿ ಹತ್ತು ದಿನ ಬಿಟ್ಟು ಬಂದರೆ ಎರಡು ಹಂತ ಹಿಂದಿನಿಂದ ಶುರು ಮಾಡಿ. ಹಳೆಯದು ನೆನಪಿದ್ದರೆ ಒಂದೆರಡು ದಿನದಲ್ಲಿ ಮತ್ತೆ ಇದ್ದಲ್ಲಿಗೆ ಬರುತ್ತದೆ. ಆ ಹತ್ತು ದಿನಕ್ಕೆಂದು ಬದಲಿ ಬಂದವರ ವಿಷಯದಲ್ಲಿ ಮಾತ್ರ ಪ್ರಯೋಗ ಬೇಡ. ನಾಯಿ ಒಪ್ಪಿಕೊಂಡಿರುವುದು ಆ ಒಬ್ಬ ಅಕ್ಕನನ್ನು, ಪೊರಕೆ ಹಿಡಿದವರನ್ನೆಲ್ಲ ಅಲ್ಲ. ಬದಲಿಯವರು ಬಂದು ಹೋಗುವವರೆಗೆ ನಾಯಿ ತನ್ನ ಕೋಣೆಯಲ್ಲಿ, ಚಿಲಕದ ಹಿಂದೆ, ಮೊಸರನ್ನ ನೆಕ್ಕುತ್ತ ಇರಲಿ.